ಶಾಲೆಯ ಆರೋಗ್ಯಕ್ಕೆ ಕ್ರಿಯಾ ಸಂಶೋಧನೆ: ಒಳ್ಳೆ ಪ್ರಶ್ನೆ ಕಟ್ಟುವುದು ಹೇಗೆ?

"ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ 6ನೇ ತರಗತಿ ಮಕ್ಕಳಲ್ಲಿ ವೈಯಕ್ತಿಕ ಸ್ವಚ್ಛತೆಯ ಕೊರತೆ: ಒಂದು ಅಧ್ಯಯನ."

ಶಿಕ್ಷಕರು ತಮ್ಮದೇ ಶಾಲೆಯ ಒಂದು ಸಮಸ್ಯೆ ಹಿಡಿದು, ಬದಲಾವಣೆ ಮಾಡಿ ನೋಡಿ ಕಲಿಯುವುದೇ ಕ್ರಿಯಾ ಸಂಶೋಧನೆ. ಡಿ.ಎಡ್, ಬಿ.ಎಡ್ ಮಾಡಿದವರಿಗೆ ಅದರ ಈ ಥರದ ಶೀರ್ಷಿಕೆ ಚೆನ್ನಾಗಿ ಗೊತ್ತು. ಊರು ಬದಲಾಗುತ್ತದೆ, ತರಗತಿ ಬದಲಾಗುತ್ತದೆ, ಉಳಿದದ್ದೆಲ್ಲ ಹಾಗೇ ಇರುತ್ತದೆ. ಒಂದು ಪೂರ್ವ ಪರೀಕ್ಷೆ, ಕೈ ತೊಳೆಯುವ ಬಗ್ಗೆ ಒಂದು ಪಾಠ, ಗೋಡೆಗೆ ಒಂದು ಚಾರ್ಟು, ಆಮೇಲೆ ಇನ್ನೊಂದು ಪರೀಕ್ಷೆ, ಅಂಕ ಜಾಸ್ತಿ ಬಂತು ಅಂತ ತೋರಿಸುವ ಗ್ರಾಫು.

ಈ ಶೀರ್ಷಿಕೆಯನ್ನು ಇನ್ನೊಮ್ಮೆ ಓದಿ. ಇದರಲ್ಲಿ ಪ್ರಶ್ನೆಯೇ ಇಲ್ಲ, ತೀರ್ಪು ಮಾತ್ರ ಇದೆ. ಕೊರತೆ ಮಕ್ಕಳಲ್ಲೇ ಇದೆ ಅಂತ ಕೆಲಸ ಶುರುವಾಗುವ ಮೊದಲೇ ತೀರ್ಮಾನ ಆಗಿಬಿಟ್ಟಿದೆ. ನಲ್ಲಿಯಲ್ಲಿ ನೀರು ಬರುತ್ತದಾ, ಸೋಪು ಎಲ್ಲಿಟ್ಟಿದ್ದಾರೆ, ಊಟದ ಬೆಲ್ ಹೊಡೆದ ಮೇಲೆ ಎಲ್ಲರಿಗೂ ಕೈ ತೊಳೆಯುವಷ್ಟು ಹೊತ್ತು ಸಿಗುತ್ತದಾ ಅಂತ ಯಾರೂ ಕೇಳಿಲ್ಲ.

ಒಂದು ಸಣ್ಣ ಲೆಕ್ಕ ಹಾಕೋಣ. ಶಾಲೆಯಲ್ಲಿ 200 ಮಕ್ಕಳು, 4 ನಲ್ಲಿ. ಸೋಪು ಹಚ್ಚಿ, ಉಜ್ಜಿ, ತೊಳೆದು, ಜಾಗ ಬಿಡೋಕೆ ಒಬ್ಬರಿಗೆ 30 ಸೆಕೆಂಡ್ ಸಾಕು ಅಂದುಕೊಂಡರೂ ಕೊನೆಯ ಮಗುವಿನ ಕೈ ತೊಳೆದು ಮುಗಿಯುವ ಹೊತ್ತಿಗೆ 25 ನಿಮಿಷ ಆಗಿರುತ್ತದೆ. ಅಷ್ಟರಲ್ಲಿ ಅನ್ನ ಆರಿರುತ್ತದೆ, ಆಟದ ಟೈಮ್ ಹೋಗಿರುತ್ತದೆ. ಹಸಿದ ಮಗು ಸುಮ್ನೆ ಕೈ ಒದ್ದೆ ಮಾಡಿಕೊಂಡು ತಟ್ಟೆ ಹಿಡಿಯುತ್ತದೆ. ಈ ಮಗುವಿಗೆ ಸ್ವಚ್ಛತೆಯ ಪಾಠ ಬೇಕಾ, ಇನ್ನೂ ನಾಲ್ಕು ನಲ್ಲಿ ಬೇಕಾ? ಒಂದು ಪಿವಿಸಿ ಪೈಪಿಗೆ ಸಾಲಾಗಿ ತೂತು ಕೊರೆದು ಕೂಡಿಸಿದರೂ ಹತ್ತು ಮಕ್ಕಳು ಒಟ್ಟಿಗೆ ಕೈ ತೊಳೆಯಬಹುದು, ಅಲ್ವಾ?

ಪ್ರಶ್ನೆ ತಪ್ಪಾದರೆ ಇಡೀ ಕೆಲಸ ತಪ್ಪು ದಾರಿ ಹಿಡಿಯುತ್ತದೆ. ಅದಕ್ಕೇ ಈ ಲೇಖನ ಪೂರ್ತಿ ಪ್ರಶ್ನೆಯ ಬಗ್ಗೆ. ವರದಿ ಬರೆಯುವುದು, ಅಧ್ಯಾಯ ಮಾಡುವುದು ಇವೆಲ್ಲ ಆಮೇಲಿನ ಮಾತು.

ಶುರು ಮಾಡುವ ಮುನ್ನ

ಕ್ರಿಯಾ ಸಂಶೋಧನೆ ಅನ್ನುವ ಹೆಸರನ್ನು ಬಳಕೆಗೆ ತಂದವರಲ್ಲಿ ಮುಖ್ಯ ಹೆಸರು ಕರ್ಟ್ ಲೆವಿನ್ ಎಂಬ ಮನೋವಿಜ್ಞಾನಿಯದು. 1946ರಲ್ಲಿ ಅವರು ಬರೆದ ಲೇಖನದಲ್ಲಿ ವಿಚಾರ ಸರಳವಾಗಿದೆ: ಯೋಚಿಸಿ, ಮಾಡಿ, ಏನಾಯಿತು ನೋಡಿ, ಅದರಿಂದ ಕಲಿತು ಮತ್ತೆ ಯೋಚಿಸಿ. ಹೊರಗಿನವರು ಬಂದು ಅಳೆದುಕೊಂಡು ಹೋಗುವ ಸಂಶೋಧನೆಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಒಂದೇ. ಇಲ್ಲಿ ನೀವು ಒಳಗೇ ಇದ್ದೀರಿ. ಬದಲಾಗಬೇಕಾದ ವಿಷಯದಲ್ಲಿ ನಿಮ್ಮ ಕೆಲಸವೂ ಸೇರಿದೆ.

ಆರೋಗ್ಯದ ವಿಷಯದಲ್ಲಿ ಇದು ಇನ್ನೂ ಮುಖ್ಯ. ಕಬ್ಬಿಣಾಂಶದ ಮಾತ್ರೆಯಿಂದ ರಕ್ತಹೀನತೆ ಕಡಿಮೆ ಆಗುತ್ತದಾ ಅಂತ ಸಾಬೀತು ಮಾಡುವುದು ನಿಮ್ಮ ಕೆಲಸ ಅಲ್ಲ. ಅದನ್ನು ವೈದ್ಯರು ಎಷ್ಟೋ ವರ್ಷಗಳಿಂದ ಮಾಡಿದ್ದಾರೆ. ಆದರೆ ಆ ಮಾತ್ರೆ ನಿಮ್ಮ ಶಾಲೆಯ 8ನೇ ಕ್ಲಾಸಿನ ಹುಡುಗಿಯ ಹೊಟ್ಟೆಗೆ ಹೋಗುತ್ತದಾ, ಕಿಟಕಿಯ ಹಿಂದೆ ಬೀಳುತ್ತದಾ ಅನ್ನುವುದನ್ನು ನಿಮ್ಮಷ್ಟು ಚೆನ್ನಾಗಿ ಬೇರೆ ಯಾರೂ ತಿಳಿದುಕೊಳ್ಳಲಾರರು.

ಇನ್ನೊಂದು ಮಾತು. ಆರೋಗ್ಯ ಅಂದ ಕೂಡಲೇ ಜಾಗೃತಿ ಮೂಡಿಸೋಣ ಅನ್ನುವುದು ನಮಗೆ ರೂಢಿ ಆಗಿಬಿಟ್ಟಿದೆ. 1986ರಲ್ಲಿ ಕೆನಡಾದ ಒಟ್ಟಾವದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಮ್ಮೇಳನ ಹೊರಡಿಸಿದ ಘೋಷಣೆಯಲ್ಲೇ ಇದಕ್ಕೆ ಉತ್ತರ ಇದೆ. ಜನರಿಗೆ ತಿಳಿಸುವುದು ಒಂದು ಭಾಗ ಮಾತ್ರ. ಅವರು ಬದುಕುವ ಜಾಗ, ಅಲ್ಲಿನ ನಿಯಮ, ಸುತ್ತಲಿನ ಸಮುದಾಯ ಎಲ್ಲವೂ ಆರೋಗ್ಯದ ಕಡೆ ತಿರುಗಬೇಕು. ಶಾಲೆಗೆ ಇಳಿಸಿ ಹೇಳಿದರೆ ನೋಡಬೇಕಾದ ಜಾಗ ಮೂರು: ತರಗತಿಯ ಪಾಠ, ಶಾಲೆಯ ಕಟ್ಟಡ ಮತ್ತು ದಿನಚರಿ, ಮನೆ ಮತ್ತು ಊರು. ನಮ್ಮ ಹೆಚ್ಚಿನ ಕ್ರಿಯಾ ಸಂಶೋಧನೆಗಳು ಮೊದಲನೆಯದರಲ್ಲೇ ಹುಟ್ಟಿ ಅಲ್ಲೇ ಮುಗಿಯುತ್ತವೆ. ನಿಮ್ಮ ಪ್ರಶ್ನೆ ಎರಡನೆಯದನ್ನು ಮುಟ್ಟಿದರೆ ಅರ್ಧ ಗೆದ್ದ ಹಾಗೆ.

ಹೆಜ್ಜೆ 1: ಎರಡು ವಾರ ಬರೀ ನೋಡಿ

ಪ್ರಶ್ನೆ ಬರೆಯಲು ಕೂರಬೇಡಿ. ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡು ಶಾಲೆಯಲ್ಲಿ ಓಡಾಡಿ. ನಲ್ಲಿಯ ಹತ್ತಿರ ನಿಲ್ಲಿ. ಅಡುಗೆ ಕೋಣೆಯ ಬಾಗಿಲಲ್ಲಿ ನಿಲ್ಲಿ. ಬಿಡುವಿನಲ್ಲಿ ಟಾಯ್ಲೆಟ್ ಕಡೆ ಯಾರು ಹೋಗುತ್ತಾರೆ, ಯಾರು ಹೋಗುವುದಿಲ್ಲ ನೋಡಿ. ಗೇಟಿನ ಆಚೆ ಅಂಗಡಿಯಲ್ಲಿ ಮಕ್ಕಳು ಏನು ಕೊಳ್ಳುತ್ತಾರೆ ನೋಡಿ. ಕೊಬ್ಬು, ಸಕ್ಕರೆ, ಉಪ್ಪು ಜಾಸ್ತಿ ಇರುವ ತಿಂಡಿಗಳನ್ನು ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಮಾರಬಾರದು ಅಂತ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐನ 2020ರ ನಿಯಮ ಇದೆ. ಹಾಗಾಗಿ ಈ ನೋಟಕ್ಕೂ ಬೆಲೆ ಇದೆ.

ಬರೆಯುವಾಗ ಕಂಡದ್ದನ್ನು ಮಾತ್ರ ಬರೆಯಿರಿ. "ಹುಡುಗಿಯರಿಗೆ ನೀರು ಕುಡಿಯೋಕೆ ಸೋಮಾರಿತನ" ಅಂತ ಬರೆದರೆ ಅದು ನಿಮ್ಮ ಅಭಿಪ್ರಾಯ. "7ನೇ ಕ್ಲಾಸಿನ ಹುಡುಗಿಯರ ಬಾಟಲಿಗಳು ಸಂಜೆಯೂ ಮುಕ್ಕಾಲು ತುಂಬಿದ್ದವು, ಬೆಳಗಿನ ಬಿಡುವಿನಲ್ಲಿ ಅವರಲ್ಲಿ ಯಾರೂ ಟಾಯ್ಲೆಟ್ ಕಡೆ ಹೋಗಲಿಲ್ಲ" ಅಂತ ಬರೆದರೆ ಅದು ನೋಟ. ಎರಡನೇ ವಾಕ್ಯದೊಳಗೆ ಆಗಲೇ ಒಂದು ಪ್ರಶ್ನೆ ಕಣ್ಣು ಬಿಡುತ್ತಿದೆ.

ಹೀಗೆ ನೋಡುತ್ತಾ ಹೋದರೆ ದಿನಾ ಕಣ್ಣೆದುರೇ ಇದ್ದದ್ದು ಹೊಸದಾಗಿ ಕಾಣುತ್ತದೆ. ಬೆಳಗಿನ ಪ್ರಾರ್ಥನೆಯಲ್ಲಿ ತಲೆ ಸುತ್ತಿ ಕೂರುವ ಮಕ್ಕಳು ಬಹಳ ಶಾಲೆಗಳಲ್ಲಿ ಇರುತ್ತಾರೆ. ಅವತ್ತು ಯಾರು ತಿಂಡಿ ತಿಂದು ಬಂದಿದ್ದರು, ಯಾರು ಬರೀ ಟೀ ಕುಡಿದು ಬಂದಿದ್ದರು ಅಂತ ಪಕ್ಕದಲ್ಲಿ ಬರೆದುಕೊಳ್ಳಿ. 2013ರಿಂದ ಸರ್ಕಾರದ ಕ್ಷೀರಭಾಗ್ಯ ಯೋಜನೆಯ ಹಾಲು ಶಾಲೆಗೆ ಬರುತ್ತಿದೆ. ನಿಮ್ಮಲ್ಲಿ ಅದನ್ನು ಪ್ರಾರ್ಥನೆ ಆದ ಮೇಲೆ ಕೊಡುತ್ತೀರಾ? ಮುಂಚೆ ಕೊಟ್ಟರೆ ಏನಾಗುತ್ತದೆ? ಒಂದು ಪೈಸೆ ಖರ್ಚಿಲ್ಲದೆ ಒಂದು ಒಳ್ಳೆ ಪ್ರಶ್ನೆ ಸಿಕ್ಕಿತು.

ಹೆಜ್ಜೆ 2: ಮಕ್ಕಳನ್ನು ಕೇಳಿ, ಪ್ರಶ್ನೆ ಬರೆಯುವ ಮುಂಚೆಯೇ

ಇದನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಮಕ್ಕಳು ಕೊನೆಯಲ್ಲಿ ಪ್ರಶ್ನಾವಳಿ ತುಂಬುವವರಾಗಿ ಮಾತ್ರ ಬರುತ್ತಾರೆ. ಆದರೆ ಕಾರಣ ಗೊತ್ತಿರುವುದು ಅವರಿಗೇ.

ಮೇಲಿನ ನೀರಿನ ಬಾಟಲಿಯನ್ನೇ ತೆಗೆದುಕೊಳ್ಳಿ. ಕೇಳದೇ ಇದ್ದರೆ ನಾವು ಏನು ಮಾಡುತ್ತೇವೆ? ನೀರು ಕುಡಿಯಲು ನೆನಪಿಸುವ ವಾಟರ್ ಬೆಲ್ ಹೊಡೆಯೋಣ ಅನ್ನುತ್ತೇವೆ. 2019ರಲ್ಲಿ ಕೇರಳದ ಶಾಲೆಗಳಿಂದ ಸುದ್ದಿಯಾದ ಈ ಬೆಲ್ ಒಳ್ಳೆಯ ಯೋಚನೆಯೇ, ನಮ್ಮಲ್ಲೂ ಎಷ್ಟೋ ಕಡೆ ನಡೆಯುತ್ತಿದೆ. ಆದರೆ ಟಾಯ್ಲೆಟ್ ಬಾಗಿಲಿಗೆ ಚಿಲಕ ಇಲ್ಲ ಅಂತಲೋ, ಒಳಗೆ ನೀರಿಲ್ಲ ಅಂತಲೋ, ಪಾಠದ ಮಧ್ಯೆ ಕೇಳಿದರೆ ಎಲ್ಲರ ಮುಂದೆ ಬೈಸಿಕೊಳ್ಳಬೇಕು ಅಂತಲೋ ಹುಡುಗಿ ನೀರು ಕುಡಿಯುವುದನ್ನೇ ಬಿಟ್ಟಿದ್ದರೆ ಬೆಲ್ ಏನು ಮಾಡೀತು? ಅವಳು ಬಾಟಲಿ ಎತ್ತಿ ತುಟಿಗೆ ತಾಗಿಸಿ ಇಳಿಸುತ್ತಾಳೆ. ಮುಟ್ಟಿನ ದಿನಗಳಲ್ಲಂತೂ ಕೇಳುವುದೇ ಬೇಡ. ಪ್ಯಾಡ್ ಬದಲಿಸಲು ಜಾಗ ಇಲ್ಲ, ಹಾಕಲು ಮುಚ್ಚಳದ ಡಬ್ಬಿ ಇಲ್ಲ ಅಂದರೆ ಅವಳು ಶಾಲೆಗೇ ಬರುವುದಿಲ್ಲ.

ಇಂಥದ್ದನ್ನು ತರಗತಿಯಲ್ಲಿ ಕೈ ಎತ್ತಿಸಿ ಕೇಳಬಾರದು. ಹೆಸರಿಲ್ಲದ ಚೀಟಿ ಬರೆಸಿ, ಒಂದು ಡಬ್ಬಿಗೆ ಹಾಕಿಸಿ. ಸಣ್ಣ ಮಕ್ಕಳಿಗೆ ಶಾಲೆಯ ನಕ್ಷೆ ಬಿಡಿಸಲು ಹೇಳಿ, ಇಷ್ಟದ ಜಾಗಕ್ಕೆ ಹಸಿರು, ಹೋಗಲು ಬೇಜಾರಾಗುವ ಅಥವಾ ಹೆದರಿಕೆಯಾಗುವ ಜಾಗಕ್ಕೆ ಕೆಂಪು ಬಣ್ಣ ಹಾಕಲಿ. ಯಾವ ಮೂಲೆ ಕೆಂಪಾಗುತ್ತದೆ ನೋಡಿ. ಹುಡುಗಿಯರ ಜೊತೆ ಮಾತಿಗೆ ಶಿಕ್ಷಕಿಯೇ ಕೂರಲಿ, ಶಾಲೆಯಲ್ಲಿ ಶಿಕ್ಷಕಿ ಇಲ್ಲದಿದ್ದರೆ ಆಶಾ ಕಾರ್ಯಕರ್ತೆಯನ್ನೋ ಮಕ್ಕಳಿಗೆ ಸಲುಗೆ ಇರುವ ಅಡುಗೆಯವರನ್ನೋ ಕರೆಯಿರಿ. ಅಡುಗೆಯವರನ್ನು ಹೇಗಿದ್ದರೂ ಕೇಳಲೇಬೇಕು. ಯಾವ ಮಗು ಸೊಪ್ಪು ಪಕ್ಕಕ್ಕೆ ಎತ್ತಿಡುತ್ತದೆ, ಯಾವ ಮಗು ಮೂರು ಸಲ ಅನ್ನ ಹಾಕಿಸಿಕೊಳ್ಳುತ್ತದೆ, ಸೋಮವಾರ ಯಾಕೆ ಊಟ ಜಾಸ್ತಿ ಖರ್ಚಾಗುತ್ತದೆ, ಇವೆಲ್ಲ ಅವರಿಗೆ ಬಾಯಿಪಾಠ.

ಹೆಜ್ಜೆ 3: ಯಾವುದು ನಿಮ್ಮ ಕೈಯಲ್ಲಿದೆ?

ಕಂಡದ್ದು, ಕೇಳಿದ್ದು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಮೂರು ಗುಂಪು ಮಾಡಿ. ನಾಳೆಯೇ ನಾವು ಬದಲಿಸಬಹುದಾದದ್ದು. ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿ, ಗ್ರಾಮ ಪಂಚಾಯಿತಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಜೊತೆ ಸೇರಿ ಬದಲಿಸಬಹುದಾದದ್ದು. ನಮ್ಮ ಕೈ ಮೀರಿದ್ದು.

ಕೋಲಾರದಲ್ಲೋ ಪಾವಗಡದಲ್ಲೋ ಇರುವ ಶಿಕ್ಷಕರಿಗೆ ಅಂತರ್ಜಲದ ಫ್ಲೋರೈಡ್ ತೆಗೆಯಲು ಆಗುವುದಿಲ್ಲ. ಆದರೆ ಊರಿನಲ್ಲಿ ಶುದ್ಧ ನೀರಿನ ಘಟಕ ಇದ್ದೂ ಮಕ್ಕಳು ಬೋರ್‌ವೆಲ್ ನೀರನ್ನೇ ಬಾಟಲಿಗೆ ತುಂಬಿಕೊಂಡು ಬರುತ್ತಿದ್ದರೆ ಆ ಬಾಟಲಿ ನಿಮ್ಮ ಪ್ರಶ್ನೆ ಆಗಬಹುದು. ಬಡತನ ನಿಮ್ಮ ಕೈಯಲ್ಲಿಲ್ಲ. ಮಾತ್ರೆ ಕೊಡುವ ಹೊತ್ತು, ಊಟದ ಸಾಲು, ಸೋಪಿನ ಜಾಗ, ಬೆಲ್ಲಿನ ಸಮಯ, "ಮೇಡಂ ಹೊರಗೆ ಹೋಗಲಾ" ಅಂದಾಗ ನೀವು ಕೊಡುವ ಉತ್ತರ, ಇಷ್ಟೂ ನಿಮ್ಮ ಕೈಯಲ್ಲಿವೆ.

ಚಿಕ್ಕದನ್ನೇ ಹಿಡಿಯಿರಿ. ಚಿಕ್ಕದು ಅಂದರೆ ಕ್ಷುಲ್ಲಕ ಅಂತ ಅಲ್ಲ. ಚಿಲಕ ಚಿಕ್ಕದು, ಆದರೆ ಅದಿಲ್ಲದೆ ಒಂದು ಹುಡುಗಿ ಬೆಳಗಿನಿಂದ ಸಂಜೆಯವರೆಗೆ ಬಾಯಾರಿಕೊಂಡು ಕೂತಿರುತ್ತಾಳೆ.

ಹೆಜ್ಜೆ 4: ಬರೆಯಿರಿ, ಹೊಡೆದುಹಾಕಿ, ಮತ್ತೆ ಬರೆಯಿರಿ

ಈಗ ಪ್ರಶ್ನೆ. ಮೊದಲ ಸಲಕ್ಕೆ ಸರಿಯಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ನೀರಿನ ಉದಾಹರಣೆಯಲ್ಲೇ ಮುಂದೆ ಹೋಗೋಣ.

ಮೊದಲ ಕರಡು: "ಮಕ್ಕಳಲ್ಲಿ ನೀರು ಕುಡಿಯುವ ಅಭ್ಯಾಸ ಬೆಳೆಸುವುದು ಹೇಗೆ?" ತುಂಬಾ ದೊಡ್ಡದು. ಯಾವ ಮಕ್ಕಳು? ನೀವು ಏನು ಮಾಡುತ್ತೀರಿ? ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ ಪುಸ್ತಕಗಳಿಂದ ನಕಲು ಮಾಡುವುದೇ ಉಳಿಯುತ್ತದೆ.

ಎರಡನೆಯದು: "ವಾಟರ್ ಬೆಲ್ ಹೊಡೆದರೆ 7ನೇ ತರಗತಿ ಮಕ್ಕಳು ಜಾಸ್ತಿ ನೀರು ಕುಡಿಯುತ್ತಾರಾ?" ಇದು ಮೊದಲನೆಯದಕ್ಕಿಂತ ವಾಸಿ, ಏನು ಮಾಡಬೇಕು ಅನ್ನುವುದು ಸ್ಪಷ್ಟ. ಆದರೆ ಹೌದು ಅಥವಾ ಇಲ್ಲ ಅಂದ ಕೂಡಲೇ ಮಾತು ಮುಗಿದುಹೋಗುತ್ತದೆ. ಮಕ್ಕಳು ಹೇಳಿದ ಕಾರಣವೂ ಇದರಲ್ಲಿಲ್ಲ.

ಮೂರನೆಯದು: "ಹುಡುಗಿಯರ ಟಾಯ್ಲೆಟ್‌ಗೆ ಚಿಲಕ ಹಾಕಿಸಿ, ಒಳಗೆ ದಿನಾ ನೀರು ಇರುವಂತೆ ನೋಡಿಕೊಂಡು, ಪಾಠದ ನಡುವೆ ಕಾರಣ ಕೇಳದೆ ಹೊರಗೆ ಹೋಗಲು ನಾವು ಬಿಟ್ಟರೆ, 6 ಮತ್ತು 7ನೇ ತರಗತಿಯ ಹುಡುಗಿಯರು ಶಾಲೆಯಲ್ಲಿ ನೀರು ಕುಡಿಯುವ ರೀತಿ ಆರು ವಾರಗಳಲ್ಲಿ ಹೇಗೆ ಬದಲಾಗುತ್ತದೆ? ಬದಲಾಗದಿದ್ದರೆ ಅದಕ್ಕೆ ಅವರು ಏನು ಕಾರಣ ಹೇಳುತ್ತಾರೆ?"

ಉದ್ದ ಆಯಿತು, ನಿಜ. ಆದರೆ ಇದರಲ್ಲಿ ಏನೇನಿದೆ ನೋಡಿ. ನಾವು ಮಾಡುವುದು ಏನು ಅಂತ ಇದೆ, ಯಾರ ಜೊತೆ ಅಂತ ಇದೆ, ಏನನ್ನು ಗಮನಿಸುತ್ತೇವೆ, ಎಷ್ಟು ದಿನ ಅಂತ ಇದೆ. ಎಲ್ಲಕ್ಕಿಂತ ಮುಖ್ಯವಾಗಿ "ನಾವು" ಇದೆ. ಪ್ರಶ್ನೆಯಲ್ಲಿ ನಾನು ಅಥವಾ ನಾವು ಎಲ್ಲೂ ಕಾಣದಿದ್ದರೆ ಅದು ಬೇರೆಯವರ ಮೇಲಿನ ಸಂಶೋಧನೆ ಆಗುತ್ತಿದೆ ಅಂತ ಅರ್ಥ. ಇನ್ನೊಂದು ಅಂಶ, ಈ ಪ್ರಶ್ನೆ ಸೋಲಿಗೂ ಜಾಗ ಇಟ್ಟಿದೆ. ಬದಲಾವಣೆ ಆಗದಿದ್ದರೂ ಕಲಿಯಲು ಏನೋ ಸಿಗುತ್ತದೆ.

ಮೂರು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಫಲ ಸಿಕ್ಕಿತು ಅಂತ ಹೇಗೆ ಗೊತ್ತಾಗುತ್ತದೆ ಅಂತ ನೀವು ಕೇಳಬಹುದು. ಸರಿಯಾದ ಅನುಮಾನ. ಬೇಕಿದ್ದರೆ ಮೊದಲ ಎರಡು ವಾರ ಚಿಲಕ ಮತ್ತು ನೀರು, ಆಮೇಲೆ ಹೊರಗೆ ಹೋಗುವ ನಿಯಮ, ಹೀಗೆ ಒಂದೊಂದಾಗಿ ತನ್ನಿ. ಆದರೆ ಒಂದು ಕೆಲಸ ಮಾತ್ರ ಬೇಡ. ಹೋಲಿಕೆಗೆ ಬೇಕು ಅಂತ ಒಂದು ತರಗತಿಗೆ ಸೋಪು ಕೊಟ್ಟು ಪಕ್ಕದ ತರಗತಿಗೆ ಕೊಡದೇ ಇರುವುದು. ಒಳ್ಳೆಯದು ಅಂತ ಗೊತ್ತಿರುವುದನ್ನು ಮಕ್ಕಳಿಂದ ತಡೆದಿಡುವ ಹಕ್ಕು ನಮಗಿಲ್ಲ. ಬದಲಾವಣೆಗೆ ಮುಂಚೆ ಹೇಗಿತ್ತು, ಆಮೇಲೆ ಹೇಗಾಯಿತು ಅಂತ ಅದೇ ಮಕ್ಕಳಲ್ಲಿ ನೋಡಿದರೆ ಸಾಕು.

ಇನ್ನೊಂದು ಉದಾಹರಣೆ, ಕಬ್ಬಿಣಾಂಶದ ಮಾತ್ರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59.1ರಷ್ಟು ಮಂದಿಗೆ ರಕ್ತಹೀನತೆ ಇದೆ, ಅದೇ ವಯಸ್ಸಿನ ಹುಡುಗರಲ್ಲಿ ಶೇ 31.1. ಈ ಅಂಕಿ ನಿಮ್ಮ ಕೆಲಸ ಯಾಕೆ ಬೇಕು ಅಂತ ಹೇಳುತ್ತದೆ, ಆದರೆ ನಿಮ್ಮ ಶಾಲೆಯ ಬಗ್ಗೆ ಏನೂ ಹೇಳುವುದಿಲ್ಲ. 6ರಿಂದ 12ನೇ ತರಗತಿಯವರಿಗೆ ವಾರಕ್ಕೊಂದು ನೀಲಿ ಮಾತ್ರೆ ಬರುತ್ತದೆ, 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುವಂಥದ್ದು. ಮಕ್ಕಳು ಬೇಡ ಅನ್ನಲು ಕಾರಣ ಇರುತ್ತದೆ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳಸುತ್ತದೆ. ಮಲ ಕಪ್ಪಾಗುತ್ತದೆ, ಅದು ಸಹಜ ಅಂತ ಯಾರೂ ಹೇಳದಿದ್ದರೆ ಮಗು ಹೆದರುತ್ತದೆ. ಮನೆಯಲ್ಲೂ ಬೇಡ ಅಂದಿರುತ್ತಾರೆ. ಜೊತೆಗೆ ಹಾಲು, ಟೀ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ಅಡ್ಡ ಬರುತ್ತವೆ, ಹಾಗಾಗಿ ಹಾಲಿನ ಹೊತ್ತಿಗೇ ಮಾತ್ರೆ ಕೊಟ್ಟರೆ ಲಾಭ ಕಡಿಮೆ. ಇಷ್ಟು ತಿಳಿದ ಮೇಲೆ ಪ್ರಶ್ನೆ ಹೀಗಾಗಬಹುದು: "ಮಧ್ಯಾಹ್ನ ಊಟ ಆದ ಮೇಲೆ ನಾವೂ ಮಕ್ಕಳ ಜೊತೆ ಕೂತು, ಏನೇನು ಆಗಬಹುದು ಅಂತ ಮೊದಲೇ ವಿವರಿಸಿ ಮಾತ್ರೆ ಕೊಟ್ಟರೆ, 8ನೇ ತರಗತಿಯಲ್ಲಿ ನುಂಗುವವರ ಸಂಖ್ಯೆ ಎಂಟು ವಾರಗಳಲ್ಲಿ ಹೇಗೆ ಬದಲಾಗುತ್ತದೆ? ಆಮೇಲೂ ಬೇಡ ಅನ್ನುವವರು ಏನು ಹೇಳುತ್ತಾರೆ?"

ಹೆಜ್ಜೆ 5: ಗೊತ್ತಾಗುವುದು ಹೇಗೆ ಅಂತ ಈಗಲೇ ಕೇಳಿಕೊಳ್ಳಿ

ಪ್ರಶ್ನೆಯ ಪಕ್ಕದಲ್ಲೇ ಬರೆಯಿರಿ: ಬದಲಾವಣೆ ಆಯಿತು ಅಂತ ನನಗೆ ಯಾವುದರಿಂದ ಗೊತ್ತಾಗುತ್ತದೆ? ಉತ್ತರ ಹೊಳೆಯದಿದ್ದರೆ ಪ್ರಶ್ನೆ ಇನ್ನೂ ಹಣ್ಣಾಗಿಲ್ಲ.

"ಜಾಗೃತಿ ಹೆಚ್ಚಾಯಿತು" ಅನ್ನುವುದನ್ನು ದಯವಿಟ್ಟು ಬಿಡಿ. ಕೈ ಯಾವಾಗ ತೊಳೆಯಬೇಕು ಅಂತ ಪರೀಕ್ಷೆಯಲ್ಲಿ ಬರೆಯುವುದು ಮಕ್ಕಳಿಗೆ ಕಷ್ಟವೇ ಅಲ್ಲ, ಆದರೆ ಪೂರ್ತಿ ಅಂಕ ತೆಗೆದ ಮಗುವೂ ಸೋಪು ಮುಟ್ಟದೆ ಊಟಕ್ಕೆ ಕೂರಬಹುದು. ನಡೆಯುವುದನ್ನು ಅಳೆಯಿರಿ. ವಾರದ ಮೊದಲ ದಿನ ಸೋಪಿನ ತೂಕ ನೋಡಿ, ಶನಿವಾರ ಮತ್ತೆ ನೋಡಿ, ಎಷ್ಟು ಸವೆದಿದೆ ಗೊತ್ತಾಗುತ್ತದೆ. ಊಟದ ಸಾಲಿನಲ್ಲಿ ಯಾರು ಸೋಪು ಹಚ್ಚಿದರು ಅಂತ ಗೆರೆ ಎಳೆದು ಲೆಕ್ಕ ಇಡಿ. ಸಂಜೆ ಬಾಟಲಿಯಲ್ಲಿ ಉಳಿದ ನೀರಿನ ಮಟ್ಟವನ್ನು ಮಕ್ಕಳೇ ಚಾರ್ಟಿನಲ್ಲಿ ಗುರುತು ಮಾಡಲಿ. ಮಾತ್ರೆ ಹಂಚಿದ ಲೆಕ್ಕ ಬೇರೆ, ನುಂಗಿದ ಲೆಕ್ಕ ಬೇರೆ, ಎರಡನ್ನೂ ಬರೆಯಿರಿ. ಇದರ ಜೊತೆ ಮಕ್ಕಳ ಮಾತುಗಳನ್ನು ಅವರು ಆಡಿದ ಹಾಗೇ ಬರೆದಿಡಿ. ಅಂಕಿ ಹೇಳದ ಕಾರಣ ಆ ಮಾತುಗಳಲ್ಲಿರುತ್ತದೆ.

ಹಿಮೋಗ್ಲೋಬಿನ್ ಏರಿತಾ ಅನ್ನುವುದನ್ನು ಪ್ರಶ್ನೆಗೆ ತರಬೇಡಿ. ರಕ್ತ ಪರೀಕ್ಷೆ ಆರೋಗ್ಯ ಸಿಬ್ಬಂದಿಯ ಕೆಲಸ. ಅದು ಏರಲು ಸಮಯ ಬೇಕು, ಏರುವುದಕ್ಕೂ ಇಳಿಯುವುದಕ್ಕೂ ಹತ್ತಾರು ಕಾರಣ ಇರುತ್ತವೆ. ಎಷ್ಟು ಜನ ನುಂಗಿದರು ಅನ್ನುವಷ್ಟು ನಿಮಗೆ ಸಾಕು.

ಕಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಡಿಸೆಂಬರಿನ ಚಳಿಯಲ್ಲಿ ಶುರು ಮಾಡಿ ಮಾರ್ಚ್ ಬಿಸಿಲಲ್ಲಿ ಮುಗಿಸಿದರೆ ಮಕ್ಕಳು ಹೇಗಿದ್ದರೂ ಜಾಸ್ತಿ ನೀರು ಕುಡಿದಿರುತ್ತಾರೆ, ನಿಮ್ಮ ಚಿಲಕಕ್ಕೆ ಅದರ ಹೆಸರು ಸಲ್ಲುವುದಿಲ್ಲ. ದಸರಾ ರಜೆ ಮುಗಿದ ಮೇಲೆ ಶುರು ಮಾಡಿ ಡಿಸೆಂಬರ್ ಕೊನೆಯೊಳಗೆ ಮೊದಲ ಸುತ್ತು ಮುಗಿಸುವುದು ಅನುಕೂಲ. ಆಮೇಲೆ ಪರೀಕ್ಷೆಯ ಗಡಿಬಿಡಿ ಶುರುವಾಗುತ್ತದೆ.

ಹೆಜ್ಜೆ 6: ಈ ಪ್ರಶ್ನೆಯಿಂದ ಯಾವ ಮಗುವಿಗಾದರೂ ನೋವಾಗುತ್ತದಾ?

ತೂಕ, ಮುಟ್ಟು, ಹೇನು, ಮನೆಯ ಊಟ, ಅಪ್ಪನ ಕುಡಿತ, ಇವೆಲ್ಲ ಆರೋಗ್ಯದ ವಿಷಯಗಳೇ. ಎಲ್ಲದರಲ್ಲೂ ನಾಚಿಕೆ ಅಡಗಿದೆ. ಎಲ್ಲರ ಮುಂದೆ ಮಗುವನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ ಸಂಖ್ಯೆ ಕೂಗಿ ಹೇಳಿದರೆ ಆ ಮಗು ವರ್ಷಗಟ್ಟಲೆ ಅದನ್ನು ಹೊತ್ತುಕೊಂಡಿರುತ್ತದೆ. ವರದಿಯಲ್ಲಿ ಮಗುವಿನ ಹೆಸರು ಬೇಡ. ಫೋಟೋ ಬೇಡ. ಊರು ಚಿಕ್ಕದಿದ್ದರೆ "ಕುರಿ ಕಾಯುವವರ ಮನೆಯ ಹುಡುಗಿ" ಅಂತ ಬರೆದರೂ ಯಾರು ಅಂತ ಎಲ್ಲರಿಗೂ ಗೊತ್ತಾಗುತ್ತದೆ.

ಮುಖ್ಯ ಶಿಕ್ಷಕರ ಅನುಮತಿ, ಪೋಷಕರ ಒಪ್ಪಿಗೆ ತೆಗೆದುಕೊಳ್ಳಿ. ಮಗುವಿನ ಒಪ್ಪಿಗೆಯನ್ನೂ ಕೇಳಿ, ಬೇಡ ಅಂದರೆ ಬೈಯದೆ ಬಿಡಿ. ನೋಡುತ್ತಾ ಹೋದಾಗ ಕಾಯಿಲೆ ಇರುವ ಮಗು ಕಂಡರೆ ಆರು ವಾರ ಮುಗಿಯಲಿ ಅಂತ ಕಾಯಬೇಡಿ, ಅವತ್ತೇ ಮನೆಯವರಿಗೆ ತಿಳಿಸಿ ಆರೋಗ್ಯ ಕೇಂದ್ರಕ್ಕೆ ಕಳಿಸಿ. ಹೆಸರಿಲ್ಲದ ಚೀಟಿಯಲ್ಲಿ ಯಾರಾದರೂ ಹಿಂಸೆಯ ಬಗ್ಗೆ ಬರೆದಿದ್ದರೆ ಅದು ಸಂಶೋಧನೆಯ ಮಾಹಿತಿ ಅಲ್ಲ, ಸಹಾಯಕ್ಕೆ ಕರೆದ ಕೂಗು. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಹೆಜ್ಜೆ 7: ಜೋರಾಗಿ ಓದಿ ತೋರಿಸಿ

ಪ್ರಶ್ನೆಯನ್ನು ಒಬ್ಬ ಸಹೋದ್ಯೋಗಿಗೆ, ಅಡುಗೆಯವರಿಗೆ, 7ನೇ ತರಗತಿಯ ನಾಲ್ಕು ಮಕ್ಕಳಿಗೆ ಓದಿ ಹೇಳಿ. ಅವರಿಗೆ ಅರ್ಥ ಆಗದಿದ್ದರೆ ಮತ್ತೆ ಬರೆಯಿರಿ. "ಪ್ರಭಾವ", "ಪರಿಣಾಮಕಾರಿತ್ವ" ಥರದ ಮಾತುಗಳು ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆಯಾದ ಡಯಟ್‌ಗೆ ಕೊಡುವ ಪ್ರತಿಯಲ್ಲಿ ಬೇಕಾದರೆ ಇರಲಿ, ಗೋಡೆಗೆ ಅಂಟಿಸುವ ಪ್ರಶ್ನೆಯಲ್ಲಿ ಬೇಡ. ಹೌದು, ಗೋಡೆಗೆ ಅಂಟಿಸಿ. ಶಾಲೆ ಏನು ಪ್ರಯತ್ನ ಮಾಡುತ್ತಿದೆ ಅಂತ ಮಕ್ಕಳಿಗೂ ಗೊತ್ತಿರಲಿ.

ಆರು ವಾರ ಆದ ಮೇಲೆ ಅದೇ ಮಕ್ಕಳ ಜೊತೆ ಕೂತು ಬಾಟಲಿಯ ಚಾರ್ಟು, ಚೀಟಿಗಳು, ನಿಮ್ಮ ನೋಟ್‌ಬುಕ್ ಎಲ್ಲವನ್ನೂ ಮುಂದೆ ಹರಡಿ. 7ನೇ ತರಗತಿಯವರ ಬಾಟಲಿ ಖಾಲಿಯಾಗುತ್ತಿದೆ, 6ನೇ ತರಗತಿಯವರದು ಇನ್ನೂ ಹಾಗೇ ಇದೆ ಅಂತ ಕಂಡಿತು ಅಂದುಕೊಳ್ಳಿ. ಯಾಕೆ ಅಂತ ಅವರನ್ನೇ ಕೇಳಿ. ದೊಡ್ಡ ಹುಡುಗಿಯರು ಬಿಡುವಿನಲ್ಲಿ ಜಾಗ ಬಿಡುವುದಿಲ್ಲ ಅನ್ನಬಹುದು, ನೀರು ಪ್ಲಾಸ್ಟಿಕ್ ವಾಸನೆ ಬರುತ್ತದೆ ಅನ್ನಬಹುದು. ಆ ಉತ್ತರದಿಂದ ಎರಡನೇ ಸುತ್ತಿನ ಪ್ರಶ್ನೆ ಬರೆಯಲು ಶುರು ಮಾಡಿ. ಈ ಸಲ ಮೊದಲ ಕರಡನ್ನು ಮಕ್ಕಳೇ ಬರೆಯಲಿ.